ಬೆಣಚುಕಲ್ಲಿನ ಕೆಳಗಿನ ಕೂಸುಗಳು

ಚಿತ್ರದುರ್ಗದ ಹೊಲಗಳಲ್ಲಿ ನೇಗಿಲಿಗೆ ತಾಗುವಂಥ ಬಿಳಿ ಬೆಣಚುಕಲ್ಲು ಐರ್ಲೆಂಡಿನಲ್ಲೂ ಇದೆ. ಅಲ್ಲಿನ ಪಾಳು ದಿಬ್ಬವೊಂದರಲ್ಲಿ ಹೆಸರು ಕೆತ್ತದ ಸಣ್ಣ ಕಲ್ಲುಗಳು ನೆಟ್ಟಿದ್ದು, ನಡುವೆ ಬೆಣಚುಕಲ್ಲು ಹರಡಿದ್ದರೆ ಅದು ಬಹುಶಃ ‘ಕಿಲೀನ್’. ಜ್ಞಾನಸ್ನಾನ, ಅಂದರೆ ನೀರು ಹೊಯ್ದು ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ, ಆಗದೆ ತೀರಿಕೊಂಡ ಕೂಸುಗಳನ್ನು ಮಣ್ಣು ಮಾಡಿದ ಜಾಗ. ಇಂಥವು ಸಾವಿರಕ್ಕೂ ಹೆಚ್ಚು ದಾಖಲಾಗಿವೆ.

ಜ್ಞಾನಸ್ನಾನವಿಲ್ಲದ ಕೂಸಿಗೆ ಚರ್ಚಿನ ಮಣ್ಣಿಲ್ಲ, ಅದರ ಆತ್ಮ ಸ್ವರ್ಗಕ್ಕೂ ನರಕಕ್ಕೂ ಸಲ್ಲದೆ ನಡುವಿನ ‘ಲಿಂಬೊ’ದಲ್ಲೇ ಉಳಿಯುತ್ತದೆ ಎಂಬುದು ಕ್ಯಾಥೊಲಿಕರಲ್ಲಿ ಆಗಿದ್ದ ಕಟ್ಟಳೆ, ನಂಬಿಕೆ. ಹಾಗಾಗಿ ಕೂಸು ಉಳಿಯುವುದು ಅನುಮಾನ ಎನಿಸಿದರೆ ಸೂಲಗಿತ್ತಿಯೇ ತಲೆಗೆ ನೀರು ಹೊಯ್ದು, ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿಬಿಡುತ್ತಿದ್ದಳು. ಆ ನೀರು ಸಲ್ಲುತ್ತಿತ್ತು. ಸತ್ತೇ ಹುಟ್ಟಿದ ಕೂಸಿಗೆ ಆ ದಾರಿಯೂ ಇಲ್ಲ. ನಮ್ಮ ದಾವಣಗೆರೆ ಕಡೆ ಲಿಂಗಾಯತರಲ್ಲಿ ಎಂಟನೇ ತಿಂಗಳಲ್ಲೇ ಗರ್ಭಕ್ಕೆ ಲಿಂಗಧಾರಣೆ ಮಾಡುವ ಪದ್ಧತಿ ಉಂಟು. ಹುಟ್ಟುವ ಮೊದಲೇ ಕೂಸು ಧರ್ಮದ ಒಳಗಿನದ್ದು. ಇದನ್ನು ತಿಳಿದವರಿಗೆ ಆ ಐರಿಶ್ ತಾಯಿಯ ಸಂಕಟ ಬೇಗ ಅರ್ಥವಾದೀತು.

ಮಣ್ಣು ಮಾಡುತ್ತಿದ್ದುದು ಹೊತ್ತು ಮುಳುಗಿದ ಮೇಲೆ, ಮತ್ತೆ ಹುಟ್ಟುವುದರೊಳಗೆ. ಪಾದ್ರಿ ಇಲ್ಲ, ಪ್ರಾರ್ಥನಾ ವಿಧಿ ಇಲ್ಲ. ತಾಯಿ ಬಾಣಂತಿ ಹಾಸಿಗೆಯಲ್ಲೇ. ತಂದೆ, ಜೊತೆಗೆ ಮನೆಯ ಗಂಡಸೊಬ್ಬನೋ ನೆರೆಯವನೋ. ಬಟ್ಟೆಯಲ್ಲಿ ಸುತ್ತಿ, ಇಲ್ಲವೇ ಹಲಗೆಯ ಸಣ್ಣ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಿದ್ದರು. ತಂದೆಯ ಕರುಳು ಕಾಣುವುದು ಜಾಗ ಆರಿಸುವುದರಲ್ಲಿ: ಪಾಳುಬಿದ್ದ ಹಳೆ ಚರ್ಚಿನ ಅಂಗಳ, ದುಂಡನೆಯ ಹಳೆ ಮಣ್ಣುಕೋಟೆ, ಊರ ಗಡಿ, ಕಡಲ ದಂಡೆ, ಒಂಟಿ ಮುಳ್ಳುಗಿಡದ ಬುಡ. ಕೆಲವರು ಸ್ಮಶಾನದ ಗೋಡೆಗೆ ಹೊರಗಡೆಯಿಂದ ಆತುಕೊಂಡಂತೆ ಹೂಳುತ್ತಿದ್ದರು. ಒಳಗೆ ಬಿಡದಿದ್ದರೆ ಬೇಡ, ಹತ್ತಿರವಾದರೂ ಇರಲಿ ಎಂದು.

ಅಂಥ ಕೂಸಿನ ಗೋರಿಯ ಹುಲ್ಲು ತುಳಿದವನಿಗೆ ಗೊತ್ತಿದ್ದ ಹೊಲದಲ್ಲೇ ದಾರಿ ತಪ್ಪುತ್ತದೆ, ರಾತ್ರಿಯಿಡೀ ಸುತ್ತುತ್ತಾನೆ ಎಂಬ ನಂಬಿಕೆಯಿತ್ತು. ಪರಿಹಾರ: ತೊಟ್ಟ ಕೋಟನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ತೊಡುವುದು. ಈ ಭಯವೇ ಆ ಗೋರಿಗಳನ್ನು ಕಾಯಿತು ಎನ್ನಬೇಕು; ಯಾವ ರೈತನೂ ಅಲ್ಲಿ ನೇಗಿಲು ಹೂಡುತ್ತಿರಲಿಲ್ಲ. ಭಯ ಹೋಗಿ ಯಂತ್ರ ಬಂದಮೇಲೆ ಎಷ್ಟೋ ಕಿಲೀನ್‌ಗಳು ಕಲ್ಲುಗುಪ್ಪೆ ಅನ್ನಿಸಿಕೊಂಡು ಹೊಲ ಸೇರಿದವು. ಉಳಿದವನ್ನು ಹುಡುಕಲು ಹಳೆಯ ಸರ್ವೆ ನಕ್ಷೆ ನೋಡಬೇಕು, ಹಲವು ಕಡೆ ‘ಮಕ್ಕಳ ಹೂಳುಜಾಗ’ ಎಂದೇ ಬರೆದಿದೆ.

ಜ್ಞಾನಸ್ನಾನ ಮಾಡಿಸಬೇಕೆಂದಿದ್ದ ತಂದೆತಾಯಿಯ ಕೂಸಿಗೆ, ಬಿಷಪ್ ಒಪ್ಪಿದರೆ, ಚರ್ಚಿನ ಅಂತ್ಯವಿಧಿ ನಡೆಸಬಹುದು ಎಂದು 1983ರ ಚರ್ಚ್ ಕಾನೂನು ಹೇಳಿತು. ಈಗ ಪಾದ್ರಿಗಳು ಹಲವು ಕಿಲೀನ್‌ಗಳಿಗೆ ಹೋಗಿ ಆಶೀರ್ವದಿಸುತ್ತಾರೆ, ಊರಿನವರ ಎದುರಿಗೆ, ಹಾಡುಹಗಲಲ್ಲಿ.