ಬಾವಿ ನೀರಿನ ಮಟ್ಟದ ದಾಖಲೆ: ಯಾವ ಋತುವಿಗೂ ಯಾವ ಋತುವಿಗೂ ವ್ಯತ್ಯಾಸ?

ಬಸವನ ಬಾಗೇವಾಡಿ ಸೀಮೆಯ ಹತ್ತು ತೆರೆದ ಬಾವಿಗಳಲ್ಲಿ ನೀರು ನೆಲಮಟ್ಟದಿಂದ ಎಷ್ಟು ಆಳದಲ್ಲಿದೆ ಎಂದು ಟೇಪು ಇಳಿಬಿಟ್ಟು ಅಳೆಯುವ ಈ ಹವ್ಯಾಸದ ಕೆಲಸದಲ್ಲಿ ಮೊದಲ ವರ್ಷದ ಅಳತೆಗಳೆಲ್ಲ ಕೈಸೇರಿವೆ. ಕೇಂದ್ರ ಅಂತರ್ಜಲ ಮಂಡಳಿಯು ವರ್ಷಕ್ಕೆ ನಾಲ್ಕು ಸಲ ಬಾವಿಗಳನ್ನು ಅಳೆಯುವ ಪದ್ಧತಿಯನ್ನು ಅನುಸರಿಸಿ ಮೇ, ಆಗಸ್ಟ್, ನವೆಂಬರ್ ಮತ್ತು ಜನವರಿ ತಿಂಗಳುಗಳನ್ನು ಆರಿಸಿಕೊಂಡಿದ್ದೆ. ಅವೇ ಬಾವಿಗಳನ್ನು ಮತ್ತೆ ಮತ್ತೆ ಅಳೆದಿರುವುದರಿಂದ ಪುನರಾವರ್ತಿತ ಅಳತೆಗಳ ಅನೋವಾ (ಹಲವು ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಮಾಡಬೇಕಾಯಿತು. ನಾಲ್ಕು ತಿಂಗಳುಗಳ ಸರಾಸರಿ ಒಂದೇ ಅಲ್ಲ ಎಂದು ಅದು ಹೇಳಿತು. ಇಷ್ಟನ್ನು ತಿಳಿಯಲು ಲೆಕ್ಕವೇ ಬೇಕಿರಲಿಲ್ಲ. ಬಾವಿಯೊಳಗೆ ಇಣುಕಿದರೆ ಸಾಕಿತ್ತು. ಯಾವ ತಿಂಗಳಿಗೂ ಯಾವ ತಿಂಗಳಿಗೂ ನಡುವೆ ನಂಬಬಹುದಾದ ವ್ಯತ್ಯಾಸವಿದೆ ಎಂಬುದೇ ಈ ಹಂತದ ಪ್ರಶ್ನೆ.

ಈ ಅನೋವಾದ ಹಿಂದೆ ಸ್ಫೆರಿಸಿಟಿ ಎಂಬ ಪೂರ್ವಾಪೇಕ್ಷೆಯೊಂದಿದೆ. ನಾಲ್ಕು ತಿಂಗಳುಗಳಿಂದ ಆರು ಜೋಡಿಗಳಾಗುತ್ತವೆ. ಪ್ರತಿ ಜೋಡಿಯಲ್ಲಿಯೂ ಬಾವಿವಾರು ವ್ಯತ್ಯಾಸವನ್ನು ತೆಗೆದರೆ, ಆ ವ್ಯತ್ಯಾಸಗಳ ವೇರಿಯನ್ಸ್ (ಚದುರುವಿಕೆಯ ಅಳತೆ) ಆರೂ ಜೋಡಿಗಳಲ್ಲಿ ಒಂದೇ ಆಗಿರಬೇಕು. ನಮ್ಮ ಬಾವಿಗಳಲ್ಲಿ ಅದು ಹಾಗಿಲ್ಲ, ಹಾಗಿರಲು ಸಾಧ್ಯವೂ ಇಲ್ಲ. ಆಲಮಟ್ಟಿಯ ನೀರನ್ನು ಮೇಲೆತ್ತಿ ತರುವ ಮುಳವಾಡ ಏತ ನೀರಾವರಿಯ ಕಾಲುವೆಗಳ ಮಗ್ಗುಲಲ್ಲಿರುವ ಬಾವಿಗಳು ಆಗಸ್ಟ್ ಹೊತ್ತಿಗೆ ಮೇಲೇರಿರುತ್ತವೆ. ಮಡ್ಡಿಯ (ಎತ್ತರದ ಕಲ್ಲುನೆಲದ) ಮೇಲಿನ ಬಾವಿಗಳು ಸೆಪ್ಟೆಂಬರಿನ ಮಳೆಗಾಗಿ ಕಾಯುತ್ತಿರುತ್ತವೆ. ಆದ್ದರಿಂದ ಮೇ–ಆಗಸ್ಟ್ ವ್ಯತ್ಯಾಸವು ಬಾವಿಯಿಂದ ಬಾವಿಗೆ ವಿಪರೀತ ಹರಡಿಕೊಂಡಿದೆ. ನವೆಂಬರ್–ಜನವರಿ ನಡುವೆಯಾದರೋ ಎಲ್ಲ ಬಾವಿಗಳೂ ಸ್ವಲ್ಪ ಸ್ವಲ್ಪವೇ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿವೆ.

ಸ್ಫೆರಿಸಿಟಿಯನ್ನು ಪರೀಕ್ಷಿಸಲು ಮೌಚ್ಲಿಯವರು 1940ರಲ್ಲಿ ಕೊಟ್ಟ ಪರೀಕ್ಷೆಯಿದೆ (ಮುಂದೆ ಎನಿಯಾಕ್ ಗಣಕಯಂತ್ರವನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರೇ). ಹತ್ತೇ ಬಾವಿಗಳಿರುವಾಗ ಅದರ ತೀರ್ಪಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸಣ್ಣ ಮಾದರಿಯಲ್ಲಿ ಅದು ದೋಷವನ್ನು ಗುರುತಿಸದೆ ಹೋಗುವ ಸಂಭವ ಹೆಚ್ಚು. ನೇರವಾಗಿ ಗ್ರೀನ್‌ಹೌಸ್–ಗೈಸರ್ ತಿದ್ದುಪಡಿಯನ್ನೇ (ಸ್ಫೆರಿಸಿಟಿ ಇಲ್ಲದಿದ್ದಷ್ಟೂ ಪರೀಕ್ಷೆಯನ್ನು ಬಿಗಿಗೊಳಿಸುವ ಕ್ರಮ) ಬಳಸಿದೆ. ಎಪ್ಸಿಲಾನ್ ಎಂಬ ಅದರ ಗುಣಕ 1 ಇದ್ದರೆ ದೋಷವಿಲ್ಲ. ನಾಲ್ಕು ಅಳತೆಗಳಿರುವಲ್ಲಿ ಅದು 1/3ಕ್ಕಿಂತ ಕೆಳಗಿಳಿಯಲಾರದು. ಗುಣಕ 0.5 ಎಂದಿಟ್ಟುಕೊಂಡರೆ 3 ಮತ್ತು 27 ಇದ್ದ ಡಿಗ್ರೀಸ್ ಆಫ್ ಫ್ರೀಡಂ (ಲೆಕ್ಕಕ್ಕೆ ಸಿಗುವ ಸ್ವತಂತ್ರ ಅಂಕಿಗಳ ಎಣಿಕೆ) 1.5 ಮತ್ತು 13.5 ಆಗುತ್ತವೆ.

ಈ ತಿದ್ದುಪಡಿ ನಾಲ್ಕೂ ಸರಾಸರಿಗಳನ್ನು ಒಮ್ಮೆಲೇ ತೂಗುವ ಅನೋವಾದ ಒಟ್ಟಾರೆ ಎಫ್ ಪರೀಕ್ಷೆಗೆ ಮಾತ್ರ ಸಲ್ಲುತ್ತದೆ. ಆಮೇಲಿನ ಜೋಡಿ ಹೋಲಿಕೆಗಳಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಅನೋವಾ ಕೋಷ್ಟಕದ ಒಟ್ಟು ದೋಷವನ್ನೇ (ಅಂದಾಜಿನ ಅನಿಶ್ಚಿತತೆಯ ಅಳತೆ) ಛೇದದಲ್ಲಿಟ್ಟು ಆರೂ ಜೋಡಿಗಳನ್ನು ತೂಗುವುದು ರೂಢಿಯಲ್ಲಿದೆ. ಆ ದೋಷವು ಆರೂ ಜೋಡಿಗಳ ಚದುರುವಿಕೆಯ ಸರಾಸರಿಯಾದ್ದರಿಂದ, ಮೇ–ಆಗಸ್ಟ್ ಜೋಡಿಗೆ ಅದು ತೀರ ಚಿಕ್ಕದಾಗಿ ಇಲ್ಲದ ಖಚಿತತೆಯನ್ನು ತೋರಿಸುತ್ತದೆ. ನವೆಂಬರ್–ಜನವರಿ ಜೋಡಿಗೆ ತೀರ ದೊಡ್ಡದಾಗಿ ನಿಜವಾದ ಇಳಿತವನ್ನೇ ಮುಚ್ಚಿಹಾಕುತ್ತದೆ. ಒಟ್ಟು ದೋಷದಿಂದಲೂ ಜೋಡಿವಾರು ದೋಷದಿಂದಲೂ ಮಾಡಿ ನೋಡಿದಾಗ ನನ್ನ ಅಂಕಿಗಳಲ್ಲಿ ಆದದ್ದೂ ಇದೇ. ಆದ್ದರಿಂದ ಪ್ರತಿ ಜೋಡಿಗೂ ಅದರದೇ ವ್ಯತ್ಯಾಸಗಳಿಂದ ಪ್ರತ್ಯೇಕ ದೋಷವನ್ನು ತೆಗೆದು, ಜೋಡಿ ಟಿ ಪರೀಕ್ಷೆ ಮಾಡಿ, ಪಿ ಮೌಲ್ಯಗಳನ್ನು (ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ), ಹೋಲಿಕೆಗಳು ಹೆಚ್ಚಿದಂತೆ ತಪ್ಪು ಹೆಚ್ಚದಿರಲೆಂದು, ಹೋಮ್ ಅವರ 1979ರ ವಿಧಾನದಿಂದ ಸರಿಪಡಿಸಿದೆ. ಬಾನ್ಫೆರೋನಿ ಕ್ರಮದಲ್ಲಿ ಆರೂ ಹೋಲಿಕೆಗಳಿಗೆ 0.05/6, ಅಂದರೆ 0.0083 ಎಂಬ ಒಂದೇ ಗಡಿಯಿರುತ್ತದೆ. ಹೋಮ್ ಕ್ರಮದಲ್ಲಿ ಅತಿ ಚಿಕ್ಕ ಪಿ ಮೌಲ್ಯಕ್ಕೆ ಮಾತ್ರ ಆ ಗಡಿ, ಪಿ ಮೌಲ್ಯ ಅದಕ್ಕಿಂತ ಕೆಳಗಿದ್ದರೆ ಮುಂದಿನದಕ್ಕೆ 0.05/5, ಆಮೇಲೆ 0.05/4. ತಪ್ಪಿನ ಒಟ್ಟು ಮಿತಿ ಎರಡರಲ್ಲಿಯೂ ಒಂದೇ ಆಗಿರುವಾಗ ಬಾನ್ಫೆರೋನಿಯನ್ನೇ ಹಿಡಿದುಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಸ್ಫೆರಿಸಿಟಿ ಇಲ್ಲವೆಂದಾಕ್ಷಣ ಫ್ರೀಡ್‌ಮನ್ ಪರೀಕ್ಷೆಗೆ ಜಿಗಿಯಿರಿ ಎಂಬ ಸಲಹೆಯನ್ನೂ ಕೇಳಿದ್ದೇನೆ. ಶ್ರೇಯಾಂಕಗಳ ಮೇಲೆ ನಿಂತ ಆ ಪರೀಕ್ಷೆ ಮುಖ್ಯವಾಗಿ ನಾರ್ಮಲ್ (ಗಂಟೆಯಾಕಾರದ) ಹಂಚಿಕೆ ಇಲ್ಲದ ಅಂಕಿಗಳಿಗೆ ಮದ್ದು. ವೇರಿಯನ್ಸ್‌ಗಳ ಅಸಮಾನತೆಗೆ ಅಲ್ಲ. ಆದರೆ ನನ್ನಲ್ಲಿ ಶ್ರೇಯಾಂಕದ ಕಡೆಗೆ ಎಳೆಯುವ ಬೇರೆಯೇ ಕಾರಣವೊಂದಿದೆ. ಮಡ್ಡಿಯ ಒಂದು ಬಾವಿ ಮೇ ತಿಂಗಳಲ್ಲಿ ಪೂರ್ತಿ ಬತ್ತಿತ್ತು. ಅಲ್ಲಿ ನೀರು ತಳಕ್ಕಿಂತ ಕೆಳಗಿದೆ ಎಂಬುದು ಗೊತ್ತು. ಎಷ್ಟು ಕೆಳಗೆ ಎಂಬ ಅಂಕಿ ಇಲ್ಲ. ಟಿ ಪರೀಕ್ಷೆಯಲ್ಲಿ ಸದ್ಯಕ್ಕೆ ತಳದ ಆಳವನ್ನೇ ತುಂಬಿದ್ದೇನೆ, ಆದರೆ ಅದು ಮೇ ತಿಂಗಳ ಕೊರತೆಯನ್ನು ಕಡಿಮೆ ಮಾಡಿ ತೋರಿಸುತ್ತದೆ. ಚಿಹ್ನೆ ಪರೀಕ್ಷೆಗೆ ಏರಿತೋ ಇಳಿಯಿತೋ ಎಂಬುದಷ್ಟೇ ಸಾಕು, ಆದ್ದರಿಂದ ಬತ್ತಿದ ಬಾವಿಯೂ ಅದರಲ್ಲಿ ಸರಿಯಾಗಿಯೇ ಲೆಕ್ಕಕ್ಕೆ ಬರುತ್ತದೆ. ವಿಲ್ಕಾಕ್ಸನ್ ಪರೀಕ್ಷೆಗೆ ವ್ಯತ್ಯಾಸದ ಗಾತ್ರದ ಕ್ರಮವೂ, ಹಂಚಿಕೆಯ ಸಮಮಿತಿಯೂ ಬೇಕು. ಮೇ–ಆಗಸ್ಟ್ ವ್ಯತ್ಯಾಸಗಳು ಒಂದೇ ಕಡೆಗೆ ವಾಲಿರುವುದರಿಂದ ಅದನ್ನು ಬಿಟ್ಟೆ.

ಇನ್ನು ಮುಂದಿನ ವರ್ಷದ ಯೋಜನೆ. ಕಾಲುವೆ ಬಾವಿಗಳನ್ನೂ ಮಡ್ಡಿಯ ಬಾವಿಗಳನ್ನೂ ಒಂದೇ ರಾಶಿಯಾಗಿ ನೋಡುವುದರಿಂದಲೇ ಈ ಚದುರುವಿಕೆಯ ಬಹುಪಾಲು ಹುಟ್ಟಿದೆ, ಆದ್ದರಿಂದ ಎರಡು ಗುಂಪು ಮಾಡಲೇಬೇಕು. ಆದರೆ ಐದೈದು ಬಾವಿಗಳಾದರೆ, ಐದೂ ಒಂದೇ ದಿಕ್ಕಿಗೆ ಸರಿದರೂ ಚಿಹ್ನೆ ಪರೀಕ್ಷೆಯ ದ್ವಿಮುಖ ಪಿ ಮೌಲ್ಯ 2/32, ಅಂದರೆ 0.0625, ಒಂದೇ ಹೋಲಿಕೆ ಮಾಡಿದರೂ 0.05ರ ಗಡಿ ದಾಟದು. ಆರು ಹೋಲಿಕೆಗಳ 0.0083ರ ಗಡಿಯನ್ನು ದಾಟಲು ಕನಿಷ್ಠ ಎಂಟು ಬಾವಿಗಳು ಬೇಕು, ಏಕೆಂದರೆ 2/256 ಎಂದರೆ 0.0078. ನನಗೆ ನಿಜವಾಗಿ ಬೇಕಿರುವುದು ಮೇಯಿಂದ ಆಗಸ್ಟ್, ಆಗಸ್ಟಿನಿಂದ ನವೆಂಬರ್, ನವೆಂಬರಿನಿಂದ ಜನವರಿ ಎಂಬ ಮೂರೇ ಹೋಲಿಕೆಗಳು. ಅವನ್ನು ಅಳತೆಗೆ ಮೊದಲೇ ಬರೆದಿಟ್ಟರೆ ಗಡಿ 0.0167ಕ್ಕೆ ಏರುತ್ತದೆ, ಆಗ ಏಳು ಬಾವಿಗಳ 0.0156 ಸಾಕು. ಒಂದೇ ಒಂದು ಬಾವಿ ಎದುರು ದಿಕ್ಕಿಗೆ ಹೋದರೂ ಈ ಲೆಕ್ಕ ಬೀಳುವುದರಿಂದ ಗುಂಪಿಗೆ ಹನ್ನೊಂದು ಬಾವಿಗಳನ್ನು ಗೊತ್ತುಮಾಡುವ ಆಲೋಚನೆಯಿದೆ; ಮಡ್ಡಿಯ ಕಡೆಗೆ ಬೇಸಿಗೆಯಲ್ಲಿಯೂ ತಳ ಕಾಣದ ಬಾವಿಗಳನ್ನು ರೈತರಲ್ಲಿ ವಿಚಾರಿಸುತ್ತಿದ್ದೇನೆ.