ತೋಟಕ್ಕೆ ಆಳು ಸಿಗದಿರುವುದು ಉದ್ಯೋಗ ಖಾತ್ರಿಯಿಂದಲಾ?

ಅರ್ಥಶಾಸ್ತ್ರ ಓದಿದವಳು ಅಂತ ಗೊತ್ತಾದರೆ ಸಾಕು, ತೀರ್ಥಹಳ್ಳಿ, ಹೊಸನಗರದ ಕಡೆ ಯಾರ ಜಗಲಿಯಲ್ಲಿ ಕೂತರೂ ಇದೇ ಪ್ರಶ್ನೆ: "ಉದ್ಯೋಗ ಖಾತ್ರಿ ಬಂದಮೇಲೇ ಅಲ್ವಾ ಮಾರಾಯ್ತಿ, ಕೂಲಿ ಏರಿದ್ದು, ಆಳು ಸಿಗದ ಹಾಗಾಗಿದ್ದು?"

ಕೂಲಿ ಏರಿದ್ದರಲ್ಲಿ ಅದರ ಪಾಲು ಇರಬಹುದು. ಆಳು ಸಿಗದಿರುವುದನ್ನೂ ಅದರ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ.

ಆಗ ಇಷ್ಟಿತ್ತು, ಈಗ ಇಷ್ಟಾಯ್ತು ಅಂತ ಲೆಕ್ಕ ಹಾಕಿದರೆ ಏನೂ ತಿಳಿಯುವುದಿಲ್ಲ. ಆಳುಗಳ ಮಕ್ಕಳು ಓದಿ ಬೆಂಗಳೂರು ಸೇರಿದರು, ಯೋಜನೆ ಇಲ್ಲದಿದ್ದರೂ ಕೂಲಿ ಏರುತ್ತಲೇ ಇತ್ತು. ಯೋಜನೆ ಬರದೇ ಇದ್ದಿದ್ದರೆ ಎಷ್ಟಿರುತ್ತಿತ್ತು? ಅಂಕಿಅಂಶ ಹಿಡಿದು ಲೆಕ್ಕದ ಮಾಡೆಲ್ ಕಟ್ಟುವ ಅರ್ಥಶಾಸ್ತ್ರಜ್ಞರ ತಲೆನೋವೆಲ್ಲ ಇದೇ. ಪುಣ್ಯಕ್ಕೆ ಯೋಜನೆ ದೇಶಕ್ಕೆಲ್ಲ ಒಂದೇ ಸಲ ಬರಲಿಲ್ಲ. 2006ರ ಫೆಬ್ರವರಿಯಲ್ಲಿ 200 ಜಿಲ್ಲೆಗೆ ಬಂತು, ಪಕ್ಕದ ದಾವಣಗೆರೆ ಅದರಲ್ಲಿತ್ತು, ಶಿವಮೊಗ್ಗಕ್ಕೆ ಬಂದದ್ದು ಮರುವರ್ಷ. ಈ ಹಿಂದುಮುಂದನ್ನೇ ಹಿಡಿದು ಹೋಲಿಸಬಹುದು. ಆದರೆ ಮೊದಲು ಬಂದದ್ದು ಹಿಂದುಳಿದ ಜಿಲ್ಲೆಗಳಿಗೆ, ಎರಡೂ ಕಡೆ ಕೂಲಿ ಶುರುವಿನಲ್ಲೇ ಒಂದೇ ಇರಲಿಕ್ಕಿಲ್ಲ, ಹಾಗಾಗಿ ನೋಡಬೇಕಾದ್ದು ಕೂಲಿಯನ್ನಲ್ಲ, ಅದು ಏರಿದ ವೇಗವನ್ನು.

ಇದಕ್ಕಿಂತ ಗಟ್ಟಿ ಲೆಕ್ಕ ಆಂಧ್ರದ್ದು. ಅಲ್ಲಿ ಯೋಜನೆಯ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಸರಿಯಾಗಿ ಕೊಡುವ ವ್ಯವಸ್ಥೆ ಬಂತು. ಯಾವ ಮಂಡಲಕ್ಕೆ (ಅಲ್ಲಿ ಜಿಲ್ಲೆಯ ಕೆಳಗಿನ ಆಡಳಿತ ಘಟಕ) ಮೊದಲು ಅನ್ನುವುದನ್ನು ಲಾಟರಿಯ ಹಾಗೆ ಆರಿಸಿದರು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ನೋಡಿದಾಗ ಫಲಾನುಭವಿ ಮನೆಗಳ ಗಳಿಕೆ ಶೇ 14ರಷ್ಟು ಏರಿತ್ತು, ಆ ಏರಿಕೆಯಲ್ಲಿ ಶೇ 86 ಬಂದದ್ದು ಯೋಜನೆಯಿಂದಲ್ಲ, ಹೊರಗಿನ ದುಡಿಮೆಯಿಂದ! ಖಾಸಗಿ ಕೂಲಿ ಏರಿತ್ತು, ಖಾಸಗಿ ಕೆಲಸವೂ ಜಾಸ್ತಿಯಾಗಿತ್ತು. ಕೂಲಿ ಏರಿದರೆ ಕೆಲಸಕ್ಕೆ ಕರೆಯುವುದು ಕಡಿಮೆಯಾಗಬೇಕಲ್ವಾ? ಆದರೆ ಜಮೀನು ಕೆಲವರ ಕೈಯಲ್ಲೇ ಇದ್ದ ಊರುಗಳಲ್ಲಿ ಕೆಲಸ ಇನ್ನೂ ಜಾಸ್ತಿಯಾಗಿತ್ತು. ಅಂದರೆ ಅಲ್ಲಿ ಜಮೀನಿನವರು ಕೂಲಿಯನ್ನು ಒತ್ತಿ ಹಿಡಿದಿದ್ದರು. ಆ ದರಕ್ಕೆ ಬೇಡ ಅಂತ ಮನೆಯಲ್ಲಿ ಉಳಿದವರು ಹೊಸ ದರಕ್ಕೆ ಹೊರಟರು.

ಇದನ್ನು ಹಾಗೇ ಮಲೆನಾಡಿಗೆ ಅಂಟಿಸಲಾಗದು ನೋಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವವರು, ಕೊಳೆರೋಗಕ್ಕೆ ಔಷಧಿ ಹೊಡೆಯುವವರು 370 ರೂಪಾಯಿಗೆ (2025-26ರ ದರ) ಮಣ್ಣು ಹೊರಲು ಹೋಗುತ್ತಾರಾ? ಅವರ ಕೂಲಿಯೇ ಬೇರೆ. ಯೋಜನೆಯ ಪರಿಣಾಮವನ್ನು ನಾನಾದರೆ ಹೆಣ್ಣಾಳಿನ ಕೂಲಿಯಲ್ಲಿ ಹುಡುಕುತ್ತೇನೆ. ಕಳೆ ತೆಗೆಯುವುದಕ್ಕೆ, ಸೊಪ್ಪು ಹೊರುವುದಕ್ಕೆ ಗಂಡಸಿಗಿಂತ ಕಡಿಮೆ ಕೊಡುವುದು ನಮ್ಮಲ್ಲಿ ರೂಢಿ, ಯೋಜನೆಯಲ್ಲಿ ಇಬ್ಬರಿಗೂ ಒಂದೇ ದರ. ಅದಕ್ಕೇ ಜಗಲಿಯಲ್ಲಿ ತಿರುಗಿ ಕೇಳುತ್ತೇನೆ, ಯೋಜನೆ ಬರುವ ಮುಂಚೆ ನಿಮ್ಮ ತೋಟದಲ್ಲಿ ಹೆಂಗಸರಿಗೆ ಎಷ್ಟು ಕೊಡುತ್ತಿದ್ದಿರಿ ಅಂತ. ಹೆಚ್ಚಿನವರಿಗೆ ಗಂಡಾಳಿನದು ಮಾತ್ರ ನೆನಪಿರುತ್ತದೆ.