24 ವರ್ಷ ತಡವಾಗಿ ಬಂದ ಪುಸ್ತಕ

ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಸಂಪಾದಕರು ಕೇಳಿ ಎರಡು ವರ್ಷವಾಯಿತು. ತಡ ಮಾಡುವುದು ನನಗೆ ಹೊಸದೇನಲ್ಲ. ಬಿ.ಎ. ಓದುವಾಗ ನಮ್ಮೂರ ಬಸ್ಸು ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ ಅರ್ಧ ಮುಗಿದಿರುತ್ತಿತ್ತು. ಅದು ಇಂಗ್ಲಿಷ್ ಮೇಷ್ಟ್ರ ಕ್ಲಾಸು. ಅವರು ಬೈಯುತ್ತಿರಲಿಲ್ಲ, ಹಿಂದಿನ ಬೆಂಚು ತೋರಿಸಿ ಪಾಠ ಮುಂದುವರಿಸುತ್ತಿದ್ದರು.

ಕೊನೆಯ ವರ್ಷ ಒಂದು ಪೇಪರ್ ಹೋಯಿತು. ಮನೆಗೆ ಹೋಗಲು ಮುಖವಿಲ್ಲದೆ ಸ್ಟಾಫ್ ರೂಮಿನ ಹತ್ತಿರ ಸುಮ್ನೆ ನಿಂತಿದ್ದೆ. ಮೇಷ್ಟ್ರು ಒಂದು ಪುಸ್ತಕ ಕೈಗಿಟ್ಟರು. ಅಮೆರಿಕದ ಲೇಖಕಿ ಮರಿಲಿನ್ ರಾಬಿನ್‌ಸನ್ ಬರೆದ 'ಗಿಲಿಯಡ್'. "ಈಯಮ್ಮ ಮೊದಲ ಕಾದಂಬರಿ ತಂದಿದ್ದು 1980ರಲ್ಲಿ. ಎರಡನೆಯದು ಇದು, 2004. ನೀನು ಆರು ತಿಂಗಳಿಗೆ ಅಳ್ತೀಯಲ್ಲೋ" ಅಂದರು.

ನಿಜ ಹೇಳಬೇಕು ಅಂದ್ರೆ, ಮೂವತ್ತು ಪುಟಕ್ಕೇ ಬಿಟ್ಟೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಗಿಲಿಯಡ್ ಅನ್ನೋ ಪುಟ್ಟ ಊರು, 1956ನೇ ಇಸವಿ, 76 ವರ್ಷದ ಪಾದ್ರಿ ಜಾನ್ ಏಮ್ಸ್‌ಗೆ ಹೃದಯದ ಕಾಯಿಲೆ, ಏಳೂ ತುಂಬದ ಮಗ ದೊಡ್ಡವನಾದ ಮೇಲೆ ಓದಲಿ ಅಂತ ಕಾಗದ ಬರೆಯುತ್ತಾ ಕೂತಿರುತ್ತಾನೆ, ಅಷ್ಟೇ. ಇದೇನು ಕಥೆ ಅನ್ನಿಸಿತ್ತು. ನನಗೇ ಮಗ ಹುಟ್ಟಿದ ಮೇಲೆ ಮತ್ತೆ ತೆಗೆದೆ. ಈ ಸಲ ಒಂದೊಂದು ಪುಟಕ್ಕೂ ನಿಲ್ಲಬೇಕಾಯಿತು.

ಆಮೇಲೆ ಲೇಖಕಿಯ ಬಗ್ಗೆ ಹುಡುಕಿ ಓದಿದೆ. ಹುಟ್ಟಿದ್ದು 1943ರಲ್ಲಿ, ಅಮೆರಿಕದ್ದೇ ಐಡಾಹೊ ರಾಜ್ಯದ ಸ್ಯಾಂಡ್‌ಪಾಯಿಂಟ್‌ನಲ್ಲಿ. ಊರ ಪಕ್ಕದಲ್ಲೇ ದೊಡ್ಡ ಸರೋವರ, ಅದರ ಮೇಲೆ ರೈಲು ಸೇತುವೆ. ಮೊದಲ ಕಾದಂಬರಿ 'ಹೌಸ್‌ಕೀಪಿಂಗ್'ನಲ್ಲಿ ಇಡೀ ರೈಲೇ ಸೇತುವೆಯಿಂದ ಜಾರಿ ನೀರಿಗೆ ಬೀಳುತ್ತದಲ್ಲ, ಅದು ಎಲ್ಲಿಂದ ಬಂತು ಅಂತ ಕೇಳಬೇಕಾಗಿಲ್ಲ. ಶೇಕ್ಸ್‌ಪಿಯರ್ ಮೇಲೆ ಪಿಎಚ್.ಡಿ. ಮಾಡುವಾಗ ಹೊಳೆದ ರೂಪಕಗಳನ್ನೆಲ್ಲ ಬರೆದು ಎತ್ತಿಡುತ್ತಿದ್ದರಂತೆ. ಒಟ್ಟಿಗೆ ಓದಿದಾಗ ಅವುಗಳಲ್ಲೇ ಕಾದಂಬರಿ ಇತ್ತು.

ಆ 24 ವರ್ಷ ಆಕೆ ಕೈಕಟ್ಟಿ ಕೂತಿರಲಿಲ್ಲ. 1989ರಲ್ಲಿ ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಅಣು ಸ್ಥಾವರದ ಮಾಲಿನ್ಯದ ಬಗ್ಗೆ ಪುಸ್ತಕ ಬರೆದರು. 1991ರಿಂದ 2016ರವರೆಗೆ ಅಯೋವಾದ ಬರಹಗಾರರ ಕಮ್ಮಟದಲ್ಲಿ ಪಾಠ ಹೇಳಿದರು. ಪ್ರಬಂಧಗಳನ್ನಂತೂ ಜಾಸ್ತಿಯೇ ಬರೆದಿದ್ದಾರೆ. ಕ್ರೈಸ್ತ ಸುಧಾರಕ ಕ್ಯಾಲ್ವಿನ್‌ನ ದೇವರಶಾಸ್ತ್ರ ಬಂದ ಕಡೆ ನನಗೆ ನಿದ್ದೆ ಬರುತ್ತದೆ, ಕ್ಷಮಿಸಿ.

'ಗಿಲಿಯಡ್'ಗೆ 2005ರಲ್ಲಿ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಆಮೇಲೆ ಆ ಊರನ್ನು ಆಕೆ ಬಿಡಲೇ ಇಲ್ಲ. 2008ರಲ್ಲಿ 'ಹೋಮ್', ಪಾದ್ರಿಯ ಗೆಳೆಯನ ಮನೆಯ ಕಥೆ. 2014ರಲ್ಲಿ 'ಲೈಲಾ', ಪಾದ್ರಿಯ ಹೆಂಡತಿಯದು. 2020ರಲ್ಲಿ 'ಜಾಕ್', ಆ ಗೆಳೆಯನ ದಾರಿತಪ್ಪಿದ ಮಗನದು. ನನಗೆ 'ಲೈಲಾ'ನೇ ಹೆಚ್ಚು ಇಷ್ಟ. ಅಲೆಮಾರಿಯಾಗಿ ಬೆಳೆದವಳು, ಮದುವೆಯಾದ ಮೇಲೂ ಯಾವತ್ತು ಎದ್ದು ಹೊರಟುಬಿಡುತ್ತಾಳೋ ಅಂತ ಓದುವವರಿಗೇ ಭಯ. 2015ರಲ್ಲಿ ಅಧ್ಯಕ್ಷ ಒಬಾಮ ಅಯೋವಾಕ್ಕೆ ಹೋಗಿ ರಾಬಿನ್‌ಸನ್ ಅವರನ್ನು ಸಂದರ್ಶನ ಮಾಡಿದರು. ಪ್ರಶ್ನೆ ಕೇಳಿದ್ದು ಅಧ್ಯಕ್ಷರು, ಉತ್ತರ ಕೊಟ್ಟಿದ್ದು ಲೇಖಕಿ, ಚೆನ್ನಾಗಿದೆ ಅಲ್ವಾ?

ಮೇಷ್ಟ್ರು ರಿಟೈರ್ ಆಗಿ ಎಷ್ಟೋ ವರ್ಷವಾಯಿತು. ಪುಸ್ತಕ ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ. ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಅವರ ಅಕ್ಷರ: "ಹದಿನೈದು ದಿನದೊಳಗೆ ವಾಪಸ್ ಕೊಡುವುದು."